ಒಳಗೆ ಹಸಿ ಉಳಿದ ಆಲೂಗಡ್ಡೆ

ಜೆಲ್ಲಿ ಪುಡಿಯ ಒಂದು ಡಬ್ಬಿಗೆ ನನ್ನ ಎರಡು ದಿನದ ಸಂಬಳ, ಬಣ್ಣದ ಸೀಸೆಗೆ ಇನ್ನರ್ಧ ದಿನದ್ದು. ಎರಡನ್ನೂ ವಿಜ್ಞಾನದ ಟೀಚರ್ ಸ್ವಂತ ದುಡ್ಡಿನಲ್ಲಿ ತಂದಿದ್ದರು. ಅಂದು ಅವರ ಪಾಠ ನೋಡಲು ತಪಾಸಣೆ ಸಾಹೇಬರು ಬರುವವರಿದ್ದರು. ಮೆಚ್ಚಿದರೆ ಕೆಲಸ ಕಾಯಂ, ಇಲ್ಲವಾದರೆ ತಿಂಗಳ ಕೊನೆಗೆ ಮನೆಗೆ.

ನಾನು ಆ ಶಾಲೆಯ ಅಡುಗೆಯವಳು. ಬಣ್ಣ ಬೆರೆಸಿ ಜೆಲ್ಲಿ ಕಾಸಿ ತಟ್ಟೆಗೆ ಸುರಿದವಳೂ ನಾನೇ. "ಒಂದು ದೊಡ್ಡದು, ಒಂದು ಮಧ್ಯಮ, ಒಂದು ಪುಟ್ಟದು ಕತ್ತರಿಸಿಡಿ ಅಕ್ಕಾ" ಎಂದು ಟೀಚರ್ ಸ್ಪಷ್ಟವಾಗಿಯೇ ಹೇಳಿದ್ದರು. ಆದರೆ ಸಮನಾಗಿ ಬೇಯಲೆಂದು ಮೂವತ್ತು ವರ್ಷ ಎಲ್ಲವನ್ನೂ ಒಂದೇ ಅಳತೆಗೆ ಹೆಚ್ಚಿದ ಕೈ ನನ್ನದು. ಎಚ್ಚರವಾಗುವಷ್ಟರಲ್ಲಿ ಇಡೀ ತಟ್ಟೆ ಉಗುರಿನಷ್ಟು ತುಂಡುಗಳಾಗಿತ್ತು.

"ಅಯ್ಯೋ ಅಕ್ಕಾ, ಎಲ್ಲಾ ಅವಳಿ-ಜವಳಿ ಮಾಡಿಟ್ಟಿದ್ದೀರಲ್ಲ!" ಟೀಚರ್ ಕಣ್ಣಲ್ಲಿ ನೀರು. ಮತ್ತೆ ಕರಗಿಸಿ ಆರಿಸಲು ಹೊತ್ತಿರಲಿಲ್ಲ. ಸಾಹೇಬರು ಅರ್ಧ ಗಂಟೆಯಲ್ಲಿ ಬರಲಿದ್ದರು. "ಹುಳಿನೀರಲ್ಲಿಟ್ರೆ ಪುಟ್ಟ ತುಂಡಿನ ಬಣ್ಣ ಪೂರ್ತಿ ಹೋಗುತ್ತೆ, ದೊಡ್ಡದರ ನಡುವಿನ ತನಕ ಹುಳಿ ಇಳಿಯಲ್ಲ ಅಂತ ತೋರಿಸ್ಬೇಕಿತ್ತು. ಜೀವಕೋಶ ಯಾಕೆ ದೊಡ್ಡದಾಗಲ್ಲ ಅನ್ನೋದೇ ಪಾಠ."

"ದೊಡ್ಡ ಆಲೂಗಡ್ಡೆ ಒಳಗೆ ಹಸಿ ಉಳಿಯುತ್ತಲ್ಲ, ಹಾಗೆ ತಾನೆ?"

ಟೀಚರ್ ನನ್ನನ್ನೇ ನೋಡಿದರು. "ಒಲೆ ಹಚ್ಚಿ."

ಒಂದೇ ಪಾತ್ರೆಯಲ್ಲಿ ದೊಡ್ಡದೊಂದು, ನಿಂಬೆಗಾತ್ರದ್ದೊಂದು ಕಾಲು ಗಂಟೆ ಬೇಯಿಸಿ ತರಗತಿಗೆ ಒಯ್ದೆ. ಸಾಹೇಬರು ಹಿಂದಿನ ಬೆಂಚಿನಲ್ಲಿದ್ದರು. ಟೀಚರ್ ಚಾಕುವನ್ನು ನನ್ನ ಕೈಗೇ ಕೊಟ್ಟರು. ಎರಡನ್ನೂ ನಡುವಿಗೆ ಕತ್ತರಿಸಿದೆ. ಪುಟ್ಟದು ಪೂರ್ತಿ ಬೆಂದಿತ್ತು, ದೊಡ್ಡದರ ನಡು ಹಸಿ.

"ಬಿಸಿ ಒಳಗೆ ಹೋಗೋದು ಸಿಪ್ಪೆ ಕಡೆಯಿಂದ್ಲೇ ಮಕ್ಳೇ" ಎಂದೆ.

"ಅಗಲ ಎರಡರಷ್ಟಾದ್ರೆ ಸಿಪ್ಪೆ ನಾಲ್ಕರಷ್ಟು, ಹೊಟ್ಟೆ ಎಂಟರಷ್ಟು" ಎಂದು ಟೀಚರ್ ಮುಂದುವರಿಸಿದರು. "ಕೋಶಕ್ಕೂ ಊಟ ಬರೋದು, ಕಸ ಹೋಗೋದು ಹೊರಗಿನ ಪೊರೆಯಿಂದಲೇ, ತುಂಬಾ ದೊಡ್ಡದಾದ್ರೆ ಆ ಪೊರೆ ಸಾಲಲ್ಲ. ಆ ಪೊರೆ ಅಂದ್ರೆ ಎರಡು ಪದರ ಜಿಡ್ಡು."

"ಜಿಡ್ಡಲ್ಲಿ ಉಪ್ಪು, ಸಕ್ಕರೆ ಕರಗಲ್ವಲ್ಲ, ಮತ್ತೆ ಹೇಗಮ್ಮಾ ದಾಟುತ್ತೆ?" ಸಾಹೇಬರು ಕೇಳಿದರು.

"ಪ್ರೋಟೀನಿನ ಬಾಗಿಲಿರುತ್ತೆ ಸರ್!" ಮುಂದಿನ ಬೆಂಚಿನ ಹುಡುಗಿ ಕೂಗಿದಳು. "ಬೇಕಾದವರನ್ನ ಮಾತ್ರ ಬಿಡುತ್ತೆ."

"ನಮ್ಮ ವಾಚ್‌ಮನ್‌ಗಿಂತ ವಾಸಿ ಹಾಗಾದ್ರೆ" ಎಂದು ನನ್ನ ಬಾಯಿಂದ ಜಾರಿತು. ತರಗತಿಯೆಲ್ಲ ಗೊಳ್ಳೆಂದಿತು. ಸಾಹೇಬರೂ ನಕ್ಕರು.

"ಈ ಉಪಾಯ ಯಾರದು?"

"ನಮ್ಮ ಅಡುಗೆ ಅಕ್ಕಂದು ಸರ್" ಎಂದರು ಟೀಚರ್. ಜೆಲ್ಲಿ ಕೆಡಿಸಿದವಳು ನಾನು ಎಂಬುದನ್ನು ಅಂದೂ ಆಡಲಿಲ್ಲ, ಆಮೇಲೂ ಆಡಲಿಲ್ಲ. ಆ ಉಪಕಾರವನ್ನು ನಾನು ಮರೆಯಲಾರೆ.

ಅವರ ಕೆಲಸ ಕಾಯಂ ಆಯಿತು. ಓದಲೆಂದು ಒಂದು ದಿನವೂ ಶಾಲೆಯ ಮೆಟ್ಟಿಲು ಹತ್ತದ ನಾನು ಒಂದು ಪಾಠ ಹೇಳಿ ಬಂದೆ.