ತಟ್ಟೆಯ ಅಂಚು

"ಅಂಚು ನೋಡು, ಅಂಚು," ಎಂದ ಯಜಮಾನ. "ಊಟ ಹೇಗಾದ್ರೂ ಇರ್ಲಿ, ತಟ್ಟೆ ನೀಟಾಗಿರ್ಬೇಕು."

ಅವಳು ಬಟ್ಟೆ ಎತ್ತಿಕೊಂಡಳು. ಹೋಟೆಲಿನ ಅಡುಗೆಮನೆಗೂ ಊಟದ ಹಾಲಿಗೂ ನಡುವಿನ ಕಿಂಡಿಯಲ್ಲಿ ನಿಂತು, ಹೊರಗೆ ಹೋಗುವ ಪ್ರತಿ ತಟ್ಟೆಯ ಅಂಚಿಗೆ ತಗುಲಿದ ಜಿಡ್ಡನ್ನು ಒರೆಸುವುದು ಅವಳ ಕೆಲಸ. ಬೆಳಿಗ್ಗೆಯಿಂದ ಅದೇ ಒಂದು ಬಟ್ಟೆ. ಅಡುಗೆಯವನು ಮೀನು ಕೊಯ್ದ ಚಾಕುವನ್ನು ಅದರಲ್ಲೇ ಒರೆಸಿದ್ದ, ಹಲಗೆಯ ಮೇಲಿನ ರಕ್ತವನ್ನು ಅದರಲ್ಲೇ ಬಳಿದಿದ್ದ, ಒಮ್ಮೆ ಕುತ್ತಿಗೆಯ ಬೆವರನ್ನೂ. ಕೈಗೆ ತೆಗೆದುಕೊಂಡರೆ ಈಗಷ್ಟೇ ಸುಲಿದ ಚರ್ಮದಂತೆ ಬೆಚ್ಚಗೆ, ಲೋಳೆಲೋಳೆ. ಅದರ ಹುಳಿವಾಸನೆ ಬೆರಳಿಗಂಟಿ ಮನೆಯವರೆಗೂ ಬರುತ್ತಿತ್ತು. ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ.

ನೀಟು ಎನ್ನುವುದು ಯಜಮಾನನ ಬಾಯಲ್ಲಿ ಎಲ್ಲದಕ್ಕೂ ಸಲ್ಲುತ್ತಿತ್ತು. ಸಂಜೆ ನೀರು ಬೆರೆಸದೆ ಕುಡಿಯುವುದು ನೀಟು. ಗಿರಾಕಿಯ ದೂರನ್ನು ನಕ್ಕು ಸಾಗಹಾಕುವುದು ನೀಟು. ಇವಳಿಗಿಂತ ಮುಂಚೆ ಕಿಂಡಿಯಲ್ಲಿದ್ದ ಹೆಂಗಸು ಇನ್ನೊಂದು ಬಟ್ಟೆ ಬೇಕೆಂದು ಕೇಳಿದ್ದಳಂತೆ. "ಗಲಾಟೆ ಇಲ್ಲ, ಗದ್ದಲ ಇಲ್ಲ, ನೀಟಾಗಿ ಕಳಿಸ್ದೆ," ಎಂದು ಅವನು ಹೇಳಿಕೊಳ್ಳುತ್ತಿದ್ದ. ಇವಳ ತಮ್ಮನ ಓದು, ಅಮ್ಮನ ಮಾತ್ರೆ ಎರಡೂ ಈ ಕಿಂಡಿಗೆ ಜೋತುಬಿದ್ದಿದ್ದವು. ಇವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಇವತ್ತು ಕಿಟಕಿ ಪಕ್ಕದ ಮೇಜಿಗೆ ಅಮ್ಮ ಬಂದು ಕೂತಿದ್ದಳು. ಹೇಳದೆ ಕೇಳದೆ. ಮಗಳು ಕೆಲಸ ಮಾಡುವ ಜಾಗ ನೋಡಬೇಕೆಂದು, ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟು, ಮೇಜು ಕೊಳೆಯಾದೀತೆಂಬಂತೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು.

"ನಿಮ್ಮಮ್ಮನಾ?" ಅಡುಗೆಯವನು ಇಣುಕಿದ. "ಮೊದ್ಲೇ ಹೇಳೋದಲ್ವಾ ತಾಯಿ, ಇವತ್ತಿನ ಮೀನು ಹಾಕ್ತಿದ್ದೆ."

ಅಮ್ಮನ ತಟ್ಟೆ ಕಿಂಡಿಗೆ ಬಂತು. ಅಂಚಿನಲ್ಲಿ ಎಣ್ಣೆಯ ಹನಿ. ಅವಳು ಏಪ್ರನ್ನಿನ ಅಡಿಯಿಂದ, ಮನೆಯಲ್ಲಿ ಒಗೆದು ಮಡಿಸಿ ತಂದಿದ್ದ ಕರವಸ್ತ್ರ ತೆಗೆದು ಒರೆಸಿದಳು.

"ಅದೇನದು?" ಯಜಮಾನ ಹಿಂದೆಯೇ ನಿಂತಿದ್ದ.

"ಕರ್ಚೀಫು. ಒಗೆದಿದ್ದು."

"ಹಾಗಾದ್ರೆ ನಮ್ಮ ಬಟ್ಟೆಗೇನು ಬಂದಿದೆ?"

ಅಡುಗೆಯವನು ಸೌಟು ಆಡಿಸುವುದನ್ನು ನಿಲ್ಲಿಸಿದ. ಹೇಳಬೇಕಾದದ್ದು ಅವಳ ನಾಲಗೆಯ ತುದಿಯಲ್ಲೇ ಇತ್ತು. ಹೇಳಿದರೆ ಇವಳನ್ನೂ ಕಳಿಸುತ್ತಾನೆ, ಅಮ್ಮನೆದುರೇ, ನೀಟಾಗಿ.

"ಏನಿಲ್ಲ. ಕೈಗೆ ಸಿಗ್ಲಿಲ್ಲ, ಅಷ್ಟೆ."

"ಇಲ್ಲೇ ಇದೆಯಲ್ಲ." ಅವನು ಬಟ್ಟೆಯನ್ನು ತೋರುಬೆರಳಿಗೆ ಸುತ್ತಿ, ತಟ್ಟೆಯ ಅಂಚಿನಗುಂಟ ಎಳೆದ, ಮೆಲ್ಲಗೆ, ಮಗುವಿನ ಬಾಯಿ ಒರೆಸುವ ಹಾಗೆ. ಪಿಂಗಾಣಿ ಹೊಳೆಯಿತು. "ನಿಮ್ಮಮ್ಮ ಅಂದ್ರೆ ನಮಗೂ ದೊಡ್ಡೋರೇ. ನಾನೇ ತಗೊಂಡು ಹೋಗ್ತೀನಿ."

ಅವನು ಬರುವುದನ್ನು ಕಂಡು ಅಮ್ಮ ಗಡಿಬಿಡಿಯಲ್ಲಿ ಅರ್ಧ ಎದ್ದುನಿಂತಳು.

"ಕೂತ್ಕೊಳ್ಳಿ ಅಮ್ಮ. ನಿಮ್ಮ ಮಗಳು ಬಂದ್ಮೇಲೆ ಇಲ್ಲಿ ಎಲ್ಲಾ ನೀಟು."

ಅಮ್ಮನ ಮುಖ ಊರಗಲವಾಯಿತು.

ಅವಳು ಕರವಸ್ತ್ರವನ್ನು ಮತ್ತೆ ಮಡಿಸಿ ಏಪ್ರನ್ನಿನ ಅಡಿಗೆ ಸೇರಿಸಿದಳು. ಅಮ್ಮ ಒಂದಗುಳೂ ಬಿಡದೆ ಉಂಡಳು. ಕೊನೆಗೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಬೆರಳನ್ನು ತಟ್ಟೆಯ ಅಂಚಿನಗುಂಟ ಒಂದು ಸುತ್ತು ಸವರಿ ಬಾಯಿಗಿಟ್ಟು ಚೀಪಿದಳು. ಆಮೇಲೆ ಕಿಂಡಿಯ ಕಡೆ ತಿರುಗಿ ನಕ್ಕಳು. ಅವಳೂ ನಕ್ಕಳು.

"ತಟ್ಟೆ," ಎಂದ ಅಡುಗೆಯವನು.

ಅವಳ ಕೈ ಬಟ್ಟೆಯಲ್ಲಿ ಒಣಗಿದ ಮೂಲೆಯೊಂದನ್ನು ಹುಡುಕುತ್ತಿತ್ತು.