ಬೆಂಗಳೂರಿನಿಂದ ನೈರೋಬಿಗೆ, ನಿಂತಲ್ಲೇ

ನಾನು ಒಂದು ಹೆಣ್ಣು ಕುದುರೆ. ಕುಣಿಗಲ್ ಕಡೆಯ ಒಂದು ಕುದುರೆ ಫಾರಂನಲ್ಲಿ ಹುಟ್ಟಿದೆ. ಕಾಗದಪತ್ರಗಳಲ್ಲಿ ನನಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನನ್ನನ್ನು ನೋಡಿಕೊಳ್ಳುತ್ತಿದ್ದ ದಸ್ತಗೀರ್ ಮಾತ್ರ ಮೈಬಣ್ಣ ನೋಡಿ ಕೆಂಚಿ ಎಂದು ಕರೆದ. ನಾನು ಅದಕ್ಕೇ ಕಿವಿ ನಿಮಿರಿಸುತ್ತಿದ್ದೆ.

ಬೆಂಗಳೂರಿನಲ್ಲಿ ಕೆಲವು ವರ್ಷ ರೇಸ್ ಓಡಿದೆ. ಆಮೇಲೆ ನೈರೋಬಿಯ ಒಬ್ಬರು ನನ್ನನ್ನು ಕೊಂಡರು. "ವಿಮಾನದಲ್ಲಿ ಹೋಗ್ತೀಯ ಕಣೇ," ಎಂದ ದಸ್ತಗೀರ್, ನನ್ನ ಗೊರಸು ತೊಳೆಯುತ್ತಾ. ನನ್ನ ಜೊತೆ ಬಂದು, ಅಲ್ಲಿ ಒಪ್ಪಿಸಿ ಅವನು ವಾಪಸ್ಸಾಗಬೇಕಿತ್ತು. ಅವನೂ ಅದುವರೆಗೆ ವಿಮಾನ ಹತ್ತಿದವನಲ್ಲ.

ಸರಕು ವಿಮಾನದೊಳಗೆ ನನ್ನನ್ನು ಒಂದು ಪೆಟ್ಟಿಗೆಯಲ್ಲಿ ನಿಲ್ಲಿಸಿದರು. ಎರಡೂ ಮಗ್ಗುಲಿಗೆ ಹಲಗೆ, ಎದೆಗೆ ಅಡ್ಡಲಾಗಿ ಕಂಬಿ. ತಿರುಗುವಂತಿಲ್ಲ, ಮಲಗುವಂತಿಲ್ಲ. ನಾಲ್ಕು ಸಾವಿರದ ಎಂಟುನೂರು ಕಿಲೋಮೀಟರ್, ಆರೂವರೆ ಗಂಟೆಯ ಹಾದಿ ಎಂದರು ಜೊತೆಗಿದ್ದ ಪಶುವೈದ್ಯೆ ಹೇಮಾವತಿ. ದಸ್ತಗೀರ್ ನನ್ನ ಮುಖ ನೋಡಿದ.

ಸಮುದ್ರದ ಮೇಲೆ ವಿಮಾನ ಕುಲುಕಾಡಿತು. ಕಾಲಡಿಯ ನೆಲ ಕೆಳಗೆ ಜಾರಿ, ಮತ್ತೆ ಮೇಲೆ ಬಂದು ಗುದ್ದಿತು. ನಾನು ಹಿಂಗಾಲಿನಿಂದ ಒದ್ದೆ. ಹಲಗೆ ಬಿರುಕುಬಿಟ್ಟಿತು. ಮತ್ತೆ ಒದ್ದೆ. ಡಾಕ್ಟರಮ್ಮ ಮಂಪರಿನ ಸೂಜಿ ಚುಚ್ಚಿದರು. ಹೆದರಿ ಬಿಗಿದಿದ್ದ ನನ್ನ ಮೈಗೆ ಅದು ತಾಗಲೇ ಇಲ್ಲ. ಅವರು ಇನ್ನೊಂದು ಸಿರಿಂಜು ತೆಗೆದರು.

"ಅದು ಯಾತಕ್ಕೆ ಮೇಡಂ?" ಎಂದ ದಸ್ತಗೀರ್.

"ಪೆಟ್ಟಿಗೆ ಒಡೆದು ಹೊರಗೆ ಬಂದ್ರೆ ವಿಮಾನಕ್ಕೇ ಅಪಾಯ. ಕೊಲ್ಲೋಕೆ ನನಗೂ ಮನಸ್ಸಿಲ್ಲ."

ಅವನು ಕಂಬಿಯ ಕೆಳಗೆ ನುಸುಳಿ ನನ್ನ ಪೆಟ್ಟಿಗೆಯೊಳಗೇ ಬಂದುಬಿಟ್ಟ.

"ಹೊರಗೆ ಬನ್ನಿ ದಸ್ತಗೀರ್. ತುಳಿದ್ರೆ ಉಳಿಯಲ್ಲ ನೀವು."

"ಇನ್ನೆಷ್ಟು ಹೊತ್ತಿದೆ?"

"ಮೂರು ಗಂಟೆ."

"ಇಲ್ಲೇ ಇರ್ತೀನಿ."

ಅವನು ಹಣೆಯನ್ನು ನನ್ನ ಕುತ್ತಿಗೆಗೆ ಒತ್ತಿದ. "ಕೆಂಚಿ, ಲಾರಿ ಹೊರಟಿದೆ ಕಣೇ. ಕುಣಿಗಲ್ ದಾಟಿದ್ವಿ. ನೋಡು, ಸೋಲೂರು. ರಸ್ತೆ ಇಲ್ಲಿ ಹಳ್ಳ ಬಿದ್ದಿದೆ, ಅದಕ್ಕೇ ಕುಲುಕ್ತಿದೆ." ಆ ದಾರಿಯಲ್ಲಿ ನಾವು ಲಾರಿಯಲ್ಲಿ ಎಷ್ಟೋ ಸಲ ಹೋಗಿದ್ದೆವು. ನಾನು ಅವನ ಪಾದದ ಮೇಲೆ ಕಾಲಿಟ್ಟೆ. ಅವನ ಉಸಿರು ಸಿಕ್ಕಿಕೊಂಡಿತು, ಮಾತು ನಿಲ್ಲಲಿಲ್ಲ. ನೆಲಮಂಗಲ ಬಂತು, ಬೆಂಗಳೂರೂ ಬಂತು. ವಿಮಾನ ಇನ್ನೂ ಹಾರುತ್ತಲೇ ಇತ್ತು. ಆಗ ಅವನು ಮಾತಿನಲ್ಲೇ ಲಾರಿ ತಿರುಗಿಸಿದ. "ಇನ್ನು ಮನೆ ಕಡೆಗೆ," ಎಂದ. ನನ್ನ ಕಾಲುಗಳು ನಿಧಾನವಾಗಿ ಸಡಿಲವಾದವು. ಡಾಕ್ಟರಮ್ಮ ಸಿರಿಂಜು ಕೆಳಗಿಡಲಿಲ್ಲ, ಹತ್ತಿರವೂ ಬರಲಿಲ್ಲ.

"ಫಾರಂ ಗೇಟು ಬಂತು ನೋಡು," ಎನ್ನುವಾಗ ಚಕ್ರಗಳು ನೆಲ ಮುಟ್ಟಿದವು.

ಬಾಗಿಲು ತೆರೆಯಿತು. ಅಲ್ಲಿನ ಗಾಳಿಯಲ್ಲಿ ನನಗೆ ಗೊತ್ತಿದ್ದ ಒಂದು ವಾಸನೆಯೂ ಇರಲಿಲ್ಲ. ಮುಖಗವಸು ತೊಟ್ಟವರು ನನ್ನನ್ನು ತಂತಿಬಲೆಯ ಆಚೆಗೆ ಒಯ್ದರು. ಪ್ರಾಣಿಗಳನ್ನು ಕೆಲವು ವಾರ ಬೇರೆಯಾಗಿ ಇಡುವ ಜಾಗವಂತೆ. ಈಚೆ ನಿಂತ ದಸ್ತಗೀರ್ ನನ್ನ ಕಡೆ ನೋಡಲಾರದೆ ಡಾಕ್ಟರಮ್ಮನಿಗೆ ಹೇಳಿದ: "ಸುಳ್ಳೇ ಆದ್ರೂ ಜೀವ ಉಳೀತಲ್ಲ ಮೇಡಂ." ಆಮೇಲೆ ಕುಂಟುತ್ತಾ ಹೋದ. ಮತ್ತೆ ಅವನನ್ನು ನೋಡಲಿಲ್ಲ.

ಅಲ್ಲೂ ಓಡಿದೆ. ಓಟ ಕುಂದಿದ ಮೇಲೆ ಮಕ್ಕಳಿಗೆ ಸವಾರಿ ಕಲಿಸುವ ಶಾಲೆಗೆ ಕೊಟ್ಟರು. ನಿಲ್ಲು, ನಡೆ ಎಂಬುದನ್ನು ಬೇರೆ ಭಾಷೆಯಲ್ಲಿ ಕಲಿತೆ. ಈಗ ಮುದಿಯಾಗಿದ್ದೇನೆ. ಈ ಹುಲ್ಲುಗಾವಲಿನಲ್ಲಿ ನನ್ನನ್ನು ಯಾರೂ ಕಟ್ಟಿಹಾಕುವುದಿಲ್ಲ. ಬೇಲಿ ಎಷ್ಟು ಗಿಡ್ಡವೆಂದರೆ ಈ ವಯಸ್ಸಿನಲ್ಲೂ ದಾಟಬಲ್ಲೆ. ಆದರೆ ದಾಟಿ ಯಾವ ಕಡೆಗೆ ಹೋಗಲಿ? ಕುದುರೆ ನಡೆದು ಬಂದ ದಾರಿಯನ್ನು ಮರೆಯುವುದಿಲ್ಲ. ನಾನಿಲ್ಲಿಗೆ ಒಂದು ಹೆಜ್ಜೆಯನ್ನೂ ಇಡದೆ ಬಂದವಳು.