ಲಂಕೆಗೆ ಗಂಟಿನ ದರ

ಬೆಂಗಳೂರಿನಿಂದ ಕೊಲಂಬೊಗೆ ಹೋಗಿ ಬರಲು ವಿಮಾನದ ಟಿಕೆಟ್ಟು ಒಬ್ಬರಿಗೆ ಹದಿನೆಂಟು ಸಾವಿರದ ನಾನೂರು ರೂಪಾಯಿ. ಆರು ಜನರಿಗೆ ಒಂದು ಲಕ್ಷದ ಹತ್ತು ಸಾವಿರದ ನಾನೂರು. ಪಾಸ್‌ಪೋರ್ಟಿಗೆ ತಲೆಗೆ ಒಂದೂವರೆ ಸಾವಿರ. ಇಳಕಲ್‌ನಿಂದ ಬೆಂಗಳೂರಿಗೆ ರಾತ್ರಿ ಬಸ್ಸು, ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಇನ್ನೊಂದು ಬಸ್ಸು, ಲಂಕೆಯಲ್ಲಿ ಓಡಾಡಲು ಒಂದು ವ್ಯಾನು, ಮೂರು ಖೋಲಿ, ಊಟ. ಇದನ್ನೆಲ್ಲ ರಾಚಯ್ಯ ಸೀರೆಯ ಲೆಕ್ಕದಲ್ಲಿ ನೋಡಿದ. ಒಂದು ಟಿಕೆಟ್ಟು ಅಂದರೆ ಎರಡು ಒಳ್ಳೆಯ ರೇಷ್ಮೆ ಸೀರೆ, ಆರು ಟಿಕೆಟ್ಟು ಅಂದರೆ ಹನ್ನೆರಡು. ಹನ್ನೆರಡು ಸೀರೆ ಒಟ್ಟಿಗೆ ಒಯ್ಯುವ ಗಿರಾಕಿಗೆ ಅವನು ಇಷ್ಟು ವರ್ಷದಲ್ಲಿ ಏನೂ ಬಿಡದೆ ಕಳಿಸಿದ್ದೇ ಇಲ್ಲ. ವಿಮಾನದವರೂ ಬಿಡಲೇಬೇಕು ಎಂಬುದು ಅವನ ವಿಚಾರ.

ಇಳಕಲ್ ಬಜಾರಿನಲ್ಲಿ ರಾಚಯ್ಯನದು ಸೀರೆ ಅಂಗಡಿ. ಅಂಗಡಿ ಸಣ್ಣದು, ಆದರೆ ಚೌಕಾಸಿಯಲ್ಲಿ ಅವನ ಹೆಸರು ದೊಡ್ಡದು. ಬಂಧುಗಳಲ್ಲಿ ಯಾರಾದರೂ ಫ್ರಿಜ್ಜು ಕೊಳ್ಳಲಿ, ಎಮ್ಮೆ ಕೊಳ್ಳಲಿ, ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ವ್ಯಾಪಾರದಿಂದ ಅವನು ಕಲಿತದ್ದು ಎರಡು ಮಾತು. ದರ ಏರಿದಾಗ ಸುಮ್ಮನಿರಬೇಕು, ಏರಿದ್ದು ಇಳಿಯುತ್ತದೆ. ಕೇಳುವಾಗ ಬಿಡಿಯಾಗಿ ಕೇಳಬಾರದು, ಗಂಟು ಕೇಳಬೇಕು. ಒಂದು ಸೀರೆಗೆ ಒಂದು ದರ, ಇಡೀ ಗಂಟಿಗೆ ಬೇರೆ ದರ. ಗಂಟಿನ ದರ ಯಾವಾಗಲೂ ಕಡಿಮೆ. ರೇಷ್ಮೆ ನೂಲನ್ನು ಅವನು ಹಾಗೆಯೇ ಕೊಂಡಿದ್ದ, ಮನೆ ಕಟ್ಟಿಸುವಾಗ ಕಲ್ಲನ್ನೂ ಹಾಗೆಯೇ ಕೊಂಡಿದ್ದ, ಒಮ್ಮೆಯೂ ಮೋಸ ಹೋಗಿರಲಿಲ್ಲ.

ಲಂಕೆಯ ಆಸೆ ಅವನದಲ್ಲ, ಅವನ ತಾಯಿ ಇಂದ್ರಾಬಾಯಿಯದು. ತುಳಸಿಗೇರಿ ಹನುಮಪ್ಪನಿಗೆ ನಡೆದುಕೊಳ್ಳುವ ಹೆಣ್ಣುಮಗಳು. ಶ್ರಾವಣದಲ್ಲಿ ಒಂದು ಶನಿವಾರವನ್ನೂ ಬಿಟ್ಟವರಲ್ಲ. ಹನುಮಪ್ಪ ಸಮುದ್ರ ಹಾರಿ ಹೋಗಿ ಸೀತಮ್ಮನನ್ನು ಕಂಡ ನಾಡನ್ನು ಒಮ್ಮೆ ನೋಡಬೇಕು ಎಂದು ಅವರು ಹಿಂದಿನ ಬೇಸಿಗೆಯಲ್ಲೇ ಹೇಳಿದ್ದರು. ದರ ಇಳಿಯಲಿ ಎಂದು ರಾಚಯ್ಯ ಕಾದ. ಬೇಸಿಗೆ ಮುಗಿಯಿತು. ಈ ಸಲ ಇಂದ್ರಾಬಾಯಿ ಒಂದು ಕರಾರು ಸೇರಿಸಿದರು. ಹೋದರೆ ಮಾಸುಮಬಿಯ ಜೊತೆಗೆ, ಇಲ್ಲದಿದ್ದರೆ ಇಲ್ಲ.

ಮಾಸುಮಬಿ ಗುಳೇದಗುಡ್ಡದವರು. ಇಂದ್ರಾಬಾಯಿಯ ತವರೂ ಅದೇ ಊರು, ಅದೇ ಓಣಿ. ಹುಡುಗಿಯರಾಗಿದ್ದಾಗ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕುಳಿತು ಮಗ್ಗಕ್ಕೆ ಬೇಕಾದ ನೂಲು ಸುತ್ತುತ್ತಿದ್ದರು. ಇಂದ್ರಾಬಾಯಿ ಮದುವೆಯಾಗಿ ಇಳಕಲ್‌ಗೆ ಬಂದರು, ಮಾಸುಮಬಿ ಓಣಿಯಲ್ಲೇ ಉಳಿದರು. ಈಗ ಮಾಸುಮಬಿಯ ಮಗ ರಿಜ್ವಾನ ಕುಪ್ಪಸದ ಖಣ ನೇಯಿಸುತ್ತಾನೆ, ರಾಚಯ್ಯನ ಅಂಗಡಿಗೆ ಖಣ ಬರುವುದು ಅವನಿಂದಲೇ. ಹೀಗಾಗಿ ಎರಡೂ ಮನೆಯವರು ಸೇರಿ ಆರು ಜನ: ಇಬ್ಬರು ಮುದುಕಿಯರು, ಅವರ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು.

ಹೋಗುವ ವಾರವನ್ನು ಆರಿಸುವುದು ಕಷ್ಟವಾಗಲಿಲ್ಲ. ರಿಜ್ವಾನನ ಹೆಂಡತಿ ತಬಸುಮ ಸಾಲಿ ಮಾಸ್ತರತಿ, ಅವಳಿಗೆ ಬೇಸಿಗೆ ರಜೆ ಬಿಟ್ಟರೆ ಬಿಡುವಿಲ್ಲ. ಬೇಸಿಗೆಯೆಂದರೆ ಲಗ್ನದ ಕಾಲ, ರಾಚಯ್ಯ ಅಂಗಡಿ ಬಿಟ್ಟು ಕದಲುವಂತಿಲ್ಲ. ಆದರೆ ಈ ವರ್ಷ ಮೇ ತಿಂಗಳ ನಡುವೆಯೇ ಅಧಿಕ ಮಾಸ ಬಂದಿತ್ತು. ಅಧಿಕ ಮಾಸದಲ್ಲಿ ಲಗ್ನವಿಲ್ಲ, ಲಗ್ನವಿಲ್ಲದಿದ್ದರೆ ಸೀರೆಗೆ ಗಿರಾಕಿಯಿಲ್ಲ. ಆ ಕಡೆ ಬಕ್ರೀದ್ ಹಬ್ಬಕ್ಕೆ ಮೊದಲು ರಿಜ್ವಾನನ ಮನೆಯವರು ಊರು ಮುಟ್ಟಬೇಕು. ಅಧಿಕ ಮಾಸ ಹಿಡಿದ ಮೇಲೆ, ಬಕ್ರೀದ್‌ಗಿಂತ ಮುಂಚೆ, ಆ ಒಂದು ವಾರ ತಾನಾಗಿಯೇ ಸಿಕ್ಕಿತು. ಟಿಕೆಟ್ಟು ಯಾವಾಗ ಕೊಳ್ಳಬೇಕು ಎಂಬುದನ್ನು ಮಾತ್ರ ಎಲ್ಲರೂ ರಾಚಯ್ಯನಿಗೇ ಬಿಟ್ಟರು.

ರಾಚಯ್ಯನ ಹೆಂಡತಿ ದಾನೇಶ್ವರಿ ದಿನಾ ಊಟವಾದ ಮೇಲೆ ಫೋನಿನಲ್ಲಿ ದರ ನೋಡುತ್ತಿದ್ದಳು. ಎಷ್ಟು ಜನ ಎಂದು ಫೋನು ಕೇಳಿದಲ್ಲಿ ಆರು ಎಂದು ಒತ್ತಬೇಕೆಂದು ಗಂಡನ ಅಪ್ಪಣೆ. ಸಂಕ್ರಾಂತಿಯ ಹೊತ್ತಿಗೆ ಹದಿನೆಂಟು ಸಾವಿರದ ನಾನೂರು ಇತ್ತು. ಶಿವರಾತ್ರಿಗೆ ಹದಿನೇಳು ಸಾವಿರದ ಒಂಬೈನೂರಕ್ಕೆ ಬಂತು. ತಗೊಂಡು ಬಿಡೋಣ ಎಂದು ದಾನೇಶ್ವರಿ ಅಂದಳು. ಇಳಿಯುವುದು ಈಗ ಶುರುವಾಗಿದೆ, ನಡುವೆ ಕೈ ಹಾಕಬಾರದು ಎಂದು ರಾಚಯ್ಯ ತಡೆದ. ಅವನಿಗೆ ಬೆಂಬಲವಾಗಿದ್ದವನು ಅಂಗಡಿಯ ಎದುರಿಗೆ ತರಕಾರಿ ಮಾರುವ ಕಲ್ಲಪ್ಪ. ಸಂಜೆ ದೀಪ ಹಚ್ಚುವ ಹೊತ್ತಿಗೆ ತಾನು ಟೊಮ್ಯಾಟೊ ಅರ್ಧ ದರಕ್ಕೆ ಕೊಡುತ್ತೇನೆ, ವಿಮಾನದವರೂ ಖಾಲಿ ಕುರ್ಚಿ ಹೊತ್ತುಕೊಂಡು ಯಾಕೆ ಹಾರುತ್ತಾರೆ ಎಂದು ಅವನ ವಾದ. ರಾಚಯ್ಯನಿಗೆ ಅದು ಬಹಳ ಸರಿ ಕಂಡಿತು. ಕಲ್ಲಪ್ಪ ವಿಮಾನ ನೋಡಿದ್ದು ಆಕಾಶದಲ್ಲಿ ಮಾತ್ರ.

ದಾನೇಶ್ವರಿ ಗುಳೇದಗುಡ್ಡಕ್ಕೂ ದಿನಾ ದರ ಹೇಳುತ್ತಿದ್ದಳು. ಅಲ್ಲಿ ತಬಸುಮ ಅದನ್ನು ಅತ್ತೆಗೆ ಹೇಳುತ್ತಿದ್ದಳು. ಮಾಸುಮಬಿ ಕೇಳಿಸಿಕೊಂಡು ಸುಮ್ಮನಿರುತ್ತಿದ್ದರು.

ಆ ವರ್ಷ ಯುಗಾದಿಯೂ ರಂಜಾನೂ ಬೆನ್ನಿಗೆ ಬೆನ್ನು ಹಚ್ಚಿಕೊಂಡು ಬಂದವು. ರಂಜಾನಿನ ಮರುದಿನ ರಿಜ್ವಾನ ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು, ದೊಡ್ಡ ಡಬ್ಬಿಯಲ್ಲಿ ಹಾಲು ಶಾವಿಗೆಯ ಸುರಕುಂಬಾ ತುಂಬಿಕೊಂಡು ಇಳಕಲ್‌ಗೆ ಬಂದ. ಇವರ ಮನೆಯಲ್ಲಿ ಯುಗಾದಿಯ ಹೋಳಿಗೆ ಇನ್ನೂ ಉಳಿದಿತ್ತು. ಎರಡನ್ನೂ ತಿಂದು ಎಲ್ಲರೂ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಾಗ ದಾನೇಶ್ವರಿ ಅಭ್ಯಾಸದಂತೆ ಫೋನು ತೆಗೆದಳು. ಇಪ್ಪತ್ತೊಂದು ಸಾವಿರದ ಮುನ್ನೂರು.

ಮಾಸುಮಬಿ ಸೆರಗು ಸರಿಮಾಡಿಕೊಂಡು, ಮಗನ ಕಡೆ ನೋಡದೆ, ರಾಚಯ್ಯನಿಗೇ ಹೇಳಿದರು.

“ರಾಚಯ್ಯಾ, ನನ್ನ ಬಿಟ್ಟ ಐದ ಮಂದಿ ಹೋಗಿ ಬರ್ರಿ. ಇಪ್ಪತ್ತ ಸಾವಿರ ದಾಟಿದ್ರ ನಾ ಬರಂಗಿಲ್ಲ ಅಂತ ಮೊದಲ ಮನಸಿನ್ಯಾಗ ಹಾಕ್ಕೊಂಡೇನಿ. ನಾಕ ದಿನದ ಮಜಾಕ್ಕ ಅಷ್ಟ ರೊಕ್ಕ ನನ್ನ ಕೈಲೆ ಖರ್ಚ ಮಾಡಾಕ ಆಗೂದಿಲ್ಲ.”

ರಿಜ್ವಾನ ಏನೋ ಹೇಳಲು ಹೋದ, ಅವರು ಕೈಯೆತ್ತಿ ಸುಮ್ಮನಿರಿಸಿದರು. ಇಂದ್ರಾಬಾಯಿ ಅಡಕೆ ಕತ್ತರಿಸುತ್ತಿದ್ದವರು ಅಡಕತ್ತರಿಯನ್ನು ಕೆಳಗಿಟ್ಟರು.

“ಹಂಗಾದ್ರ ನಾಕ ಮಂದಿ ಹೋಗ್ರಿ. ನಾವಿಬ್ರೂ ಇಲ್ಲೇ ಕಟ್ಟಿ ಮ್ಯಾಲ ಕುಂದರತೇವಿ.”

ಹೇಳಿದ್ದು ನಗುತ್ತಲೇ. ಆದರೆ ಅವರು ಈಗಾಗಲೇ ತುಳಸಿಗೇರಿಗೆ ಹೋಗಿ ಹನುಮಪ್ಪನಿಗೆ ಕಾಯಿ ಒಡೆಸಿ, ನಿನ್ನ ಲಂಕೆಗೆ ಹೊರಟಿದ್ದೇನೆ ಎಂದು ಹೇಳಿ ಬಂದಿದ್ದು ದಾನೇಶ್ವರಿಗೆ ಗೊತ್ತಿತ್ತು. ಪಾಸ್‌ಪೋರ್ಟಿನ ಫೋಟೋಕ್ಕೆಂದು ಹೊಸ ಸೀರೆ ಉಟ್ಟದ್ದೂ ಗೊತ್ತಿತ್ತು. ಅವಳಿಗೆ ಸಿಟ್ಟು ಬಂತು. ಗಂಡನ ಮೇಲೋ ವಿಮಾನದವರ ಮೇಲೋ ಅವಳಿಗೇ ಸ್ಪಷ್ಟವಿರಲಿಲ್ಲ. ಉಳಿದವರು ಹಾಳಾಗಲಿ, ಇವರಿಬ್ಬರಿಗಾದರೂ ಆಗಲಿ ಎಂದು ಆರು ಇದ್ದಲ್ಲಿ ಎರಡು ಒತ್ತಿದಳು.

ಹದಿನೇಳು ಸಾವಿರದ ಇನ್ನೂರು ಎಂದು ತೋರಿಸಿತು.

ಅವಳು ದಿನಾಂಕ ತಪ್ಪಿದೆಯೆಂದುಕೊಂಡು ಮತ್ತೆ ನೋಡಿದಳು. ಅದೇ ದಿನ, ಅದೇ ವಿಮಾನ. ಮೂರು ಒತ್ತಿದಳು, ಹದಿನೇಳು ಸಾವಿರದ ಇನ್ನೂರು. ನಾಲ್ಕು ಒತ್ತಿದಳು, ಅಷ್ಟೇ. ಐದು ಒತ್ತಿದಾಗ ಇಪ್ಪತ್ತೊಂದು ಸಾವಿರದ ಮುನ್ನೂರಕ್ಕೆ ಜಿಗಿಯಿತು. ತಬಸುಮ ಪಕ್ಕಕ್ಕೆ ಬಂದು ತನ್ನ ಫೋನಿನಲ್ಲಿ ಒತ್ತಿ ನೋಡಿದಳು, ಅಲ್ಲಿಯೂ ಹಾಗೆಯೇ. ಇಬ್ಬರೂ ತಲೆಗೆ ತಲೆ ಹಚ್ಚಿ ಕುಳಿತು ಬಿಡಿಸಿದರು. ಕಡಿಮೆ ದರದ ಕುರ್ಚಿಗಳು ನಾಲ್ಕೇ ಉಳಿದಿದ್ದವು. ನಾಲ್ಕು ಕೇಳಿದವರಿಗೆ ಆ ದರ. ಅದಕ್ಕಿಂತ ಹೆಚ್ಚು ಒಟ್ಟಿಗೆ ಕೇಳಿದವರಿಗೆ ಆ ನಾಲ್ಕನ್ನು ಬದಿಗೆ ಸರಿಸಿ, ಎಲ್ಲರಿಗೂ ಮೇಲಿನ ದರವನ್ನೇ ಹಚ್ಚುತ್ತಿದ್ದರು.

“ರೀ, ನಾವು ಗಂಟ ಕೇಳಿದ್ದಕ್ಕ ತುಟ್ಟಿ ಆಗ್ಯಾವ,” ಅಂದಳು ದಾನೇಶ್ವರಿ. “ಇವರ ಕಡೆ ಬಿಡೀನ ಸೋವಿ.”

ರಾಚಯ್ಯ ನಂಬಲಿಲ್ಲ. ಗಂಟಿಗೆ ಹೆಚ್ಚು ದರ ಹೇಳುವ ವ್ಯಾಪಾರಿ ಲೋಕದಲ್ಲಿ ಇರುವುದು ಸಾಧ್ಯವಿಲ್ಲ ಎಂದ. ಫೋನನ್ನು ಕೈಗೆ ತೆಗೆದುಕೊಂಡು ತಾನೇ ಒತ್ತಿ ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ಒತ್ತಿದ. ಆಮೇಲೆ ಅವನ ಮುಖ ಅರಳಿತು. ಗುಟ್ಟು ತಿಳಿದಂತಾಯಿತಲ್ಲ, ಇನ್ನು ಅವಸರವಿಲ್ಲ, ಈಗ ನಾಲ್ಕು ಕುರ್ಚಿಗೆ ಇಳಿದದ್ದು ಮುಂದಿನ ವಾರ ಆರಕ್ಕೂ ಇಳಿಯಬಹುದು ಎಂದು ಶುರುಮಾಡಿದ. ಅಷ್ಟರಲ್ಲಿ ದಾನೇಶ್ವರಿ ಫೋನನ್ನು ಕಸಿದುಕೊಂಡು ಹೆಸರು ಬರೆಯತೊಡಗಿದ್ದಳು. ಮೊದಲು ಅತ್ತೆಯದು, ಆಮೇಲೆ ಮಾಸುಮಬಿಯದು, ತಬಸುಮಳದು, ಕೊನೆಗೆ ತನ್ನದು. ರೊಕ್ಕ ಕಟ್ಟುವ ಜಾಗಕ್ಕೆ ಬಂದಾಗ ಬ್ಯಾಂಕಿನ ಓಟಿಪಿ ಹೋದದ್ದು ರಾಚಯ್ಯನ ಫೋನಿಗೆ. ಖಾತೆ ಅವನ ಹೆಸರಿನಲ್ಲಿತ್ತು.

ಫೋನು ಅವನ ಜೇಬಿನಲ್ಲಿ ಗುಂಯ್ ಎಂದಿತು. ಅವನು ತೆಗೆದು ನೋಡಿದ, ಓದಿ ಹೇಳಲಿಲ್ಲ. ಒಂದು ವಾರ ತಡೆಯಿರಿ ಎಂದ. ಸ್ವಲ್ಪ ತಡವಾದರೆ ಆ ಅಂಕಿ ಕೆಲಸಕ್ಕೆ ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು.

ಇಂದ್ರಾಬಾಯಿ ಮಗನ ಹತ್ತಿರ ಬಂದು ನಿಂತರು.

“ನಂಬರ ಹೇಳು, ರಾಚಯ್ಯಾ.”

“ಅವ್ವಾ, ಇನ್ನ ಇಳಿತದವಾ. ನಾ ನೋಡಿ ತೊಗೊತೇನಿ.”

“ಹನುಮಪ್ಪ ದಂಡ್ಯಾಗ ನಿಂತು, ಗಾಳಿ ಇಳೀಲಿ ಆಮ್ಯಾಲ ಹಾರತೇನಿ ಅಂದಿದ್ರ ಸೀತಮ್ಮ ಇನ್ನೂ ಅಲ್ಲೇ ಕುಂತಿರತಿದ್ಲು. ನನ್ನ ಮೊಣಕಾಲ ಹ್ವಾದ ವರ್ಷಕ್ಕಿಂತ ಈ ವರ್ಷ ತುಟ್ಟಿ ಆಗ್ಯಾವ, ಇಳಿಯಂಗಿಲ್ಲ ಅವು. ನಂಬರ ಹೇಳು.”

ಮಾಸುಮಬಿ ಬಾಯಿಗೆ ಸೆರಗು ಹಿಡಿದು ನಗತೊಡಗಿದರು. ರಾಚಯ್ಯ ಒಂದು ಗಳಿಗೆ ತಾಯಿಯ ಮೊಣಕಾಲಿನ ಕಡೆ ನೋಡಿದ. ಆಮೇಲೆ ಅಂಕಿಗಳನ್ನು ಒಂದೊಂದಾಗಿ ಓದಿದ. ನಾಲ್ಕು ಟಿಕೆಟ್ಟು ಬಂದವು. ಹದಿನೇಳು ಸಾವಿರದ ಇನ್ನೂರು ಮಾಸುಮಬಿ ಹಾಕಿಕೊಂಡ ಗೆರೆಯ ಒಳಗೇ ಇತ್ತು, ಅವರಿಗೆ ಬೇಡವೆನ್ನಲು ಕಾರಣ ಉಳಿಯಲಿಲ್ಲ. ಇಬ್ಬರಿಗೂ ಪಕ್ಕ ಪಕ್ಕದ ಕುರ್ಚಿ ಹಿಡಿಯಬೇಕೆಂದು ಅವರೇ ಎರಡು ಸಲ ಹೇಳಿದರು.

ರಿಜ್ವಾನ ತನ್ನ ಫೋನು ತೆಗೆದ. ನಾಲ್ಕು ಹೆಣ್ಣುಮಕ್ಕಳು ಎಂದರೆ ಎಂಟು ಚೀಲ, ಹೊರಲು ಒಬ್ಬ ಬೇಕೇಬೇಕು ಎಂದು, ಇಪ್ಪತ್ತೊಂದು ಸಾವಿರದ ಮುನ್ನೂರು ಕೊಟ್ಟು ತನ್ನದೊಂದನ್ನು ಅಲ್ಲೇ ಕೊಂಡ. ಅಣ್ಣಾ, ನಿಮ್ಮದೂ ಒತ್ತಲೇನು ಎಂದು ರಾಚಯ್ಯನನ್ನು ಕೇಳಿದ. ರಾಚಯ್ಯ ಬೇಡವೆಂದ. ಐದು ಜನರದು ಮುಗಿದಿದೆ, ಇನ್ನು ತನ್ನದೊಂದು ಬಿಡಿ ಟಿಕೆಟ್ಟು. ಬಿಡಿಗೆ ಸೋವಿ ಎಂದು ನೀವೇ ತೋರಿಸಿಕೊಟ್ಟಿದ್ದೀರಿ, ಕಡೆಯ ವಾರ ಕಲ್ಲಪ್ಪನ ಟೊಮ್ಯಾಟೊ ಹಾಗೆ ಎತ್ತಿಕೊಂಡು ಬರುತ್ತೇನೆ ಎಂದ. ಇಂದ್ರಾಬಾಯಿ ಮಗನ ಮುಖ ನೋಡಿದರು, ಅಡಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡರು. ಅವರ ಕೆಲಸ ಆಗಿತ್ತು.

ಏಪ್ರಿಲ್‌ನಲ್ಲಿ ಆ ಒಂದು ಟಿಕೆಟ್ಟು ಇಪ್ಪತ್ನಾಲ್ಕು ಸಾವಿರವಾಯಿತು. ಬಸವ ಜಯಂತಿ ದಾಟಿದ ಮೇಲೆ ಇಪ್ಪತ್ತೆಂಟು. ರಾಚಯ್ಯ ಸುಮ್ಮನಿದ್ದ. ಹೊರಡುವ ವಾರ ಮೂವತ್ಮೂರು ಸಾವಿರದ ಆರುನೂರಕ್ಕೆ ನಿಂತಿತು. ಸಂಜೆ ಹೊತ್ತಿನ ಟೊಮ್ಯಾಟೊ ಬೇಡವೆಂದರೆ ಗಿರಾಕಿ ಬದನೆಕಾಯಿ ಒಯ್ಯುತ್ತಾನೆ, ಅದಕ್ಕೇ ಕಲ್ಲಪ್ಪ ದರ ಇಳಿಸುತ್ತಾನೆ. ಕಡೆಯ ದಿನ ವಿಮಾನ ಹುಡುಕಿಕೊಂಡು ಬರುವವನಿಗೆ ಹೋಗಲೇಬೇಕಾದ ಕೆಲಸ ಇರುತ್ತದೆ, ಅವನು ಎಷ್ಟಾದರೂ ಕೊಡುತ್ತಾನೆ. ವಿಮಾನದವರು ವ್ಯಾಪಾರವನ್ನು ಕಲ್ಲಪ್ಪನಿಂದ ಕಲಿತಿರಲಿಲ್ಲ. ಮೂವತ್ಮೂರು ಸಾವಿರ ಕೊಟ್ಟಾದರೂ ಬನ್ನಿರೆಂದು ದಾನೇಶ್ವರಿ ಕೇಳಿದಳು. ಹದಿನೆಂಟಕ್ಕೆ ಬೇಡವೆಂದ ಮಾಲನ್ನು ಮೂವತ್ಮೂರಕ್ಕೆ ಕೊಂಡನೆಂದು ಬಜಾರಿಗೆ ತಿಳಿದರೆ ನಾಳೆಯಿಂದ ಚೌಕಾಸಿಗೆ ತನ್ನನ್ನು ಯಾರು ಕರೆಯುತ್ತಾರೆ ಎಂದು ಅವನು ಅಂದ. ಬಸ್ಸು ಬಂದಾಗ ತಾನೇ ಚೀಲಗಳನ್ನು ಹತ್ತಿಸಿದ, ತಾಯಿಗೆ ಕಿಟಕಿ ಪಕ್ಕದ ಸೀಟು ಕೊಡಿಸಿದ, ಬಸ್ಸು ತಿರುವು ದಾಟುವವರೆಗೆ ನಿಂತಿದ್ದ.

ಆ ವಾರ ಅವನು ಖಾನಾವಳಿಯಲ್ಲಿ ಉಂಡ. ಅಧಿಕ ಮಾಸದ ಬಜಾರು ಖಾಲಿ ಇತ್ತು. ಮಧ್ಯಾಹ್ನ ಕಲ್ಲಪ್ಪ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕುಳಿತು, ಲಂಕಾ ಮುಟ್ಟಿದರೇನ್ರಿ ಎಂದು ದಿನಾ ಕೇಳುತ್ತಿದ್ದ, ತನ್ನ ಟೊಮ್ಯಾಟೊ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ. ಸಂಜೆ ಫೋನಿನಲ್ಲಿ ಚಿತ್ರ ಬರುತ್ತಿದ್ದವು. ಇಬ್ಬರು ಮುದುಕಿಯರು ವಿಮಾನದಲ್ಲಿ ಪಕ್ಕ ಪಕ್ಕ ಕುಳಿತದ್ದು. ಇಬ್ಬರೂ ಇಳಕಲ್ ಸೀರೆ ಮೊಣಕಾಲವರೆಗೆ ಎತ್ತಿ ಸಮುದ್ರದಲ್ಲಿ ನಿಂತದ್ದು. ಗುಡ್ಡದ ಊರಿನಲ್ಲಿ ಸೀತಮ್ಮನ ಗುಡಿಯ ಮುಂದೆ ಇಂದ್ರಾಬಾಯಿ ಕೈಮುಗಿದದ್ದು, ಅವರ ಚಪ್ಪಲಿ ಹಿಡಿದು ಮಾಸುಮಬಿ ಹೊರಗೆ ಹಳ್ಳದ ದಂಡೆಯಲ್ಲಿ ಕಾದು ಕುಳಿತದ್ದು. ಎಲ್ಲ ಚಿತ್ರದಲ್ಲೂ ಒಂದು ಮೂಲೆಯಲ್ಲಿ ಚೀಲ ಹೊತ್ತ ರಿಜ್ವಾನ.

ಬಕ್ರೀದ್‌ಗೆ ಇನ್ನೂ ದಿನವಿರುವಾಗಲೇ ಅವರು ಬಂದರು. ಇಂದ್ರಾಬಾಯಿ ಮಗನಿಗೆ ಒಂದು ಕಟ್ಟು ದಾಲ್ಚಿನ್ನಿ ತಂದಿದ್ದರು. ಅವನು ಮೊದಲು ಕೇಳಿದ್ದೇ ಎಷ್ಟಕ್ಕೆ ತಂದೆ ಎಂದು. ಕೊಲಂಬೊ ಬಜಾರಿನಲ್ಲಿ ಒಂದು ಕಟ್ಟಿಗೆ ಒಂದು ದರ ಹೇಳಿದರು, ನಾನೂ ಮಾಸೂನೂ ಕೂಡಿ ಗಂಟು ಕೇಳಿದೆವು, ಬಿಟ್ಟು ಕೊಟ್ಟರು ಎಂದು ಅವರು ಹೇಳಿದರು. ಅಂಗಡಿಯವನ ಭಾಷೆ ಇವರಿಗೆ ಬರುತ್ತಿರಲಿಲ್ಲ, ಇವರದು ಅವನಿಗೆ ಬರುತ್ತಿರಲಿಲ್ಲ. ರಾಚಯ್ಯನಿಗೆ ಅದು ಸಮಾಧಾನವಾಯಿತು, ಗಂಟಿನ ದರ ನೆಲದ ಮೇಲೆ ಇನ್ನೂ ನಡೆಯುತ್ತಿದೆ ಎಂದು.

ನಾಲ್ಕು ಟಿಕೆಟ್ಟಿನಲ್ಲಿ ಹದಿನಾರು ಸಾವಿರದ ನಾನೂರು ರೂಪಾಯಿ ಉಳಿಯಿತು. ರಾಚಯ್ಯನ ಟಿಕೆಟ್ಟಿನ ರೊಕ್ಕ ಪೂರ್ತಿ ಉಳಿಯಿತು. ಆ ವಾರ ಅಂಗಡಿಯಲ್ಲಿ ಮಾರಾಟವಾದದ್ದು ಮೂರು ಸೀರೆ. ಇಂದ್ರಾಬಾಯಿ ಮತ್ತು ಮಾಸುಮಬಿ ಒಟ್ಟಿಗೆ ಲಂಕೆ ನೋಡಿದರು. ರಾಚಯ್ಯ ನೋಡಲಿಲ್ಲ, ಮತ್ತು ಇನ್ನೊಂದು ಅಧಿಕ ಮಾಸ ಬರಲು ಸುಮಾರು ಮೂರು ವರ್ಷ ಬೇಕು.